ಅರ್ಧ ಗೇಣು ಟೇಪು

ನಮ್ಮ ಮೂಡಲಗಿಯಲ್ಲಿ ಉದ್ದಪ್ಪ ಅಂತ ಒಬ್ಬ ಗಿಡ್ಡ ಮನುಷ್ಯ ಇದ್ದಾನೆ. ಹೆಸರಿಟ್ಟವರು ಬಹಳ ಆಸೆ ಇಟ್ಟುಕೊಂಡಿದ್ದರೋ ಏನೋ, ಅವನ ಎತ್ತರ ಮಾತ್ರ ಐದಡಿ ಒಂದು ಇಂಚಿಗೆ ನಿಂತುಹೋಯಿತು. ವಯಸ್ಸು ಅರವತ್ತೇಳು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರೇಡಿಯೋ, ಟೇಪು, ಆಂಪ್ಲಿಫಯರ್ ರಿಪೇರಿ ಮಾಡುವ ಅಂಗಡಿ ಅವನದು. ಅದರ ಬಾಜೂಕ್ಕೇ ನನ್ನ ಝೆರಾಕ್ಸ್ ಅಂಗಡಿ. ನಲವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಕುಳಿತಿದ್ದೇವೆ. ಉದ್ದಪ್ಪನ ಬಗ್ಗೆ ಈ ಸೋಮಪ್ಪನಿಗೆ ಗೊತ್ತಿಲ್ಲದ್ದು ಏನೂ ಇಲ್ಲ ಅಂತ ಹೋದ ವರ್ಷದವರೆಗೂ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳುವುದಿಲ್ಲ.

ಅವನ ಸ್ವಭಾವವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಪುಕ್ಕಲ. ಅಂಗಡಿಗೆ ಕೀಲಿ ಹಾಕಿ ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಕೀಲಿ ಜಗ್ಗಿ ನೋಡುತ್ತಾನೆ. ಹತ್ತರ ಬಸ್ಸಿಗೆ ಒಂಬತ್ತಕ್ಕೇ ಹೋಗಿ ನಿಲ್ಲುತ್ತಾನೆ. ಓಣಿಯಲ್ಲಿ ಯಾರಾದರೂ ಏರುದನಿಯಲ್ಲಿ ಮಾತಾಡಿದರೆ ಸಾಕು, ತನ್ನ ಮೇಲೇ ಜಗಳಕ್ಕೆ ಬಂದರೆಂದು ಒಳಗೆ ಸರಿಯುತ್ತಾನೆ. ಆದರೆ ಕಿವಿ ಮಾತ್ರ ಯಾರಿಗೂ ಇಲ್ಲದಂಥ ಕಿವಿ. ಯಾರದೋ ಮನೆಯೊಳಗೆ ಮಿಕ್ಸರ್ ತಿರುಗುತ್ತಿದ್ದರೆ ಓಣಿಯಲ್ಲೇ ನಿಂತು, ಇದರ ಬುಷ್ ಇನ್ನೆಂಟು ದಿನ ಬಾಳುತ್ತದೆ ಅಂತ ಹೇಳಿಬಿಡುತ್ತಾನೆ. ಹೆದರುವವರ ಕಿವಿ ಯಾವಾಗಲೂ ಚುರುಕು ಅಂತ ನಾನು ಚ್ಯಾಷ್ಟಿ ಮಾಡುತ್ತೇನೆ. ಅವನು ನಗುತ್ತಾನೆ, ನಗುತ್ತಲೇ ಬಾಗಿಲ ಕಡೆ ನೋಡುತ್ತಾನೆ.

ಮೂವತ್ತು ವರ್ಷದ ಹಿಂದೆ, ಊರಿಗೊಬ್ಬರು ಭಜನೆಯ ಕ್ಯಾಸೆಟ್ ತೆಗೆಯುತ್ತಿದ್ದ ಕಾಲದಲ್ಲಿ, ಉದ್ದಪ್ಪನೂ ಒಂದು ಕ್ಯಾಸೆಟ್ ತೆಗೆದ. ಅದೊಂದೇ, ಮತ್ತೊಂದು ಮಾಡಲಿಲ್ಲ. ಬೆಳಗಾವಿಯಲ್ಲಿ ಯಾರೋ ಮೂಲೆಗೆ ಹಾಕಿದ್ದ ಹಳೆಯ ಸ್ಪೂಲ್ ಮಶೀನು ತಂದು, ಎರಡು ತಿಂಗಳು ಬಿಚ್ಚಿ ಜೋಡಿಸಿ ಅದಕ್ಕೆ ಜೀವ ಕೊಟ್ಟಿದ್ದ. ಆ ಮಶೀನಿನಲ್ಲಿ ಊಟದ ತಾಟಿನಷ್ಟು ದೊಡ್ಡ ಎರಡು ಗಾಲಿ, ಒಂದರಿಂದ ಇನ್ನೊಂದಕ್ಕೆ ಕಂದು ಬಣ್ಣದ ಟೇಪು ಓಡುತ್ತದೆ. ಬೇಡವಾದದ್ದನ್ನು ಬ್ಲೇಡಿನಿಂದ ಕತ್ತರಿಸಿ ಒಗೆಯಬಹುದು, ಬೇಕಾದದ್ದನ್ನು ಅಂಟುಪಟ್ಟಿ ಹಾಕಿ ಹಚ್ಚಬಹುದು.

ಹಾಡಿದವಳು ಮಮದಾಪುರದ ಗುಡ್ಡವ್ವ. ಆಗ ಅವಳಿಗೆ ನಲವತ್ತರ ಆಸುಪಾಸು. ಹೊಲದ ಕೂಲಿಗೆ ಹೋಗುವವಳು, ಸಾಲಿಯ ಮೆಟ್ಟಿಲು ಹತ್ತಿದವಳಲ್ಲ. ಒಂದು ಮದುವೆಗೆ ಮೈಕು ಹಚ್ಚಲು ಆ ಊರಿಗೆ ಹೋಗಿದ್ದ ಉದ್ದಪ್ಪ, ಕಬ್ಬಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರ ಸಾಲಿನಿಂದ ಆ ದನಿ ಕೇಳಿ, ವೈರು ಕೈಯಲ್ಲಿ ಹಿಡಿದುಕೊಂಡೇ ಬದುವಿನ ಮೇಲೆ ನಿಂತುಬಿಟ್ಟಿದ್ದನಂತೆ. ಹಾಡು ಮೊದಲು ಎಲ್ಲೂ ಕೇಳಿದ್ದಲ್ಲ. ಇವು ಯಾರ ಪದಗಳು ಅಂತ ಕೇಳಿದ್ದಕ್ಕೆ ಅವಳು ತಲೆ ಬಗ್ಗಿಸಿ, "ನಮ್ಮವ ಅದಾವ್ರಿ ಅಣ್ಣಾರ" ಅಂದಳು. ಈ 'ನಮ್ಮವ' ಅನ್ನುವ ಒಂದು ಮಾತು ಮುಂದೆ ಮೂವತ್ತು ವರ್ಷ ಅವನನ್ನು ಕಾಡಬೇಕೆಂದು ಹಣೆಯಲ್ಲಿ ಬರೆದಿತ್ತು.

ಹಾಡಿಸಲು ಗದ್ದಲವಿಲ್ಲದ ಜಾಗ ಬೇಕಿತ್ತು. ಮೂಡಲಗಿ ಪೇಟೆಯಲ್ಲಿ ಅಂಥ ಜಾಗ ಒಂದೇ, ಅಡತಿ ವ್ಯಾಪಾರಿಗಳ ಬೆಲ್ಲದ ಗೋದಾಮು. ಮಧ್ಯಾಹ್ನ ಹಮಾಲರು ಊಟಕ್ಕೆ ಹೋದ ಹೊತ್ತಿಗೆ, ಮೂರೂ ಕಡೆ ಒಟ್ಟಿದ್ದ, ಗೋಣಿತಾಟು ಸುತ್ತಿದ ಬೆಲ್ಲದ ಪೆಂಟೆಗಳ ನಡುವೆ ಕೌದಿ ಹಾಸಿ ಅವಳನ್ನು ಕೂರಿಸಿದ. ಮೈಕು ಒಂದೇ. ಏಕತಾರಿಯವನು ಬರುತ್ತೇನೆಂದು ಕೈಕೊಟ್ಟ. ಆ ಕಾಲದಲ್ಲಿ ಎಲ್ಲರೂ ಬಾವಿಯೊಳಗೆ ಕುಳಿತು ಹಾಡಿದ ಹಾಗೆ ದನಿ ಗುಂಯ್‌ಗುಡಿಸುತ್ತಿದ್ದರು. ಅದನ್ನು ಮಾಡುವ ಡಬ್ಬಿ ಉದ್ದಪ್ಪನ ಹತ್ತಿರ ಇತ್ತು, ಹಿಂದಿನ ದಿನವೇ ಸುಟ್ಟಿತ್ತು. ಹಾಗಾಗಿ ಬರೀ ದನಿ, ಬರೀ ಎಂಟು ಹಾಡು. ಮಂದಿ ಕೊಂಡರು, ಕೇಳಿದರು, ಒಂದಿಷ್ಟು ದಿನದಲ್ಲಿ ಮರೆತರು. ಮರುವರ್ಷ ಇನ್ನೊಂದು ಕ್ಯಾಸೆಟ್ ಮಾಡೋಣ ಅಂತ ಹೇಳಿಕಳಿಸಿದಾಗ ಗುಡ್ಡವ್ವ, ಇನ್ನು ಬೇಡ ಅಂದುಬಿಟ್ಟಳು. ಕಾರಣ ಹೇಳಲಿಲ್ಲ, ಉದ್ದಪ್ಪನೂ ಕೇಳಲಿಲ್ಲ.

ಹೋದ ವರ್ಷ ಗೋಕಾಕದ ಹಲ್ಲಿನ ಡಾಕ್ಟರ್ ವಿಶಾಲ ನಮ್ಮ ಓಣಿಗೆ ಹುಡುಕಿಕೊಂಡು ಬಂದ. ಯಾವುದೋ ಪೇಶಂಟಿನ ಮನೆಯಲ್ಲಿ ಆ ಕ್ಯಾಸೆಟ್ ಕೇಳಿ ಮೂಲ ಸ್ಪೂಲು ಎಲ್ಲಿದೆ ಅಂತ ವಿಚಾರಿಸುತ್ತ ಬಂದಿದ್ದ. ಉದ್ದಪ್ಪ ಮೊದಲು, ಟ್ಯಾಕ್ಸು ವಸೂಲಿಯವನು ಬಂದ ಅಂತ ಒಳಗೆ ಹೋಗಿ ಕುಳಿತ. ಆಮೇಲೆ ಸ್ಪೂಲಿನಿಂದ ನಕಲು ಮಾಡಿಕೊಟ್ಟ. ವಿಶಾಲ ಅದನ್ನು ಕೊಲ್ಲಾಪುರ, ಪುಣೆಯ ತನ್ನ ಗೆಳೆಯರಿಗೆ ಕೇಳಿಸಿದ. ಇವರೆಲ್ಲ ಭಾರೀ ಸ್ಪೀಕರಿನ ಹುಚ್ಚಿನವರು. ಯಾರ ಮನೆಗೆ ಹೊಸ ಸೆಟ್ ಬಂದರೂ ಅದು ಖರೆ ಒಳ್ಳೆಯದೋ ಅಲ್ಲವೋ ಪರೀಕ್ಷೆ ಮಾಡಲು ಮೊದಲು ಹಚ್ಚುವುದೇ ನಮ್ಮ ಗುಡ್ಡವ್ವನ ಮೂರನೆಯ ಹಾಡಂತೆ. ಇವರು ಹಾಡು ಕೇಳುವುದಿಲ್ಲ, ಮಶೀನು ಕೇಳುತ್ತಾರೆ ಅಂತ ನಾನು ಮೂಗು ಮುರಿದೆ.

ಒಂದು ಭಾನುವಾರ ವಿಶಾಲ ನಮ್ಮಿಬ್ಬರನ್ನೂ ಗೋಕಾಕಕ್ಕೆ ಕರೆದ. ಮಾಳಿಗೆಯ ಮೇಲೆ ಒಂದು ಖೋಲಿ, ಗೋಡೆಗೆಲ್ಲ ಹಳೆಯ ಕೌದಿ ತೂಗುಹಾಕಿದ್ದ. ಆಳೆತ್ತರದ ಎರಡು ಸ್ಪೀಕರು, ಎದುರಿಗೆ ಒಂದೇ ಕುರ್ಚಿ. ಹಾಡು ಕೇಳುವಾಗ ಫ್ಯಾನ್ ಹಚ್ಚುವ ಹಾಗಿಲ್ಲ. ಅವನ ಹೆಂಡತಿ ಸಪ್ನಾ ಚಹ ಕೊಟ್ಟು, ಈ ಖೋಲಿಯಲ್ಲಿ ಬೆವರಿದ್ದಕ್ಕೆ ಲೆಕ್ಕವಿಲ್ಲ ಅಂತ ನಕ್ಕು ಕೆಳಗೆ ಹೋದಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ವಿಶಾಲ ಮೊದಲು ಬೇರೆ ಯಾವುದೋ ಭಜನೆ ಹಚ್ಚಿದ. ಚೆನ್ನಾಗಿತ್ತು, ದೊಡ್ಡದಾಗಿತ್ತು. "ಇದು ಹಾಡು ಕಾಕಾ. ಈಗ ಮನಷ್ಯಾರನ್ನ ನೋಡ್ರಿ" ಅಂದು ಗುಡ್ಡವ್ವನನ್ನು ಹಚ್ಚಿದ.

ನಾನು ಸುಳ್ಳು ಹೇಳುವುದಿಲ್ಲ, ಮೈ ಜುಮ್ಮೆಂದಿತು. ಎರಡು ಸ್ಪೀಕರಿನ ನಡುವೆ, ನೆಲದಿಂದ ಎರಡು ಅಡಿ ಮೇಲೆ, ಒಬ್ಬ ಹೆಂಗಸು ಕುಳಿತಿದ್ದಳು. ತುಟಿ ಬಿಚ್ಚುವುದು ಕೇಳಿಸಿತು. ಉಸಿರು ಎಳೆದುಕೊಂಡದ್ದು, ಎರಡನೆಯ ಸಾಲಿಗೆ ಮುಖ ಸ್ವಲ್ಪ ಆಚೆ ತಿರುಗಿಸಿದ್ದು, ಎಲ್ಲ ಕೇಳಿಸಿತು. ವಿಶಾಲ ಬಿಡಿಸಿ ಹೇಳಿದ. ಬೆಲ್ಲದ ಪೆಂಟೆಗಳು ಸದ್ದನ್ನು ನುಂಗುತ್ತವೆ, ವಾಪಸು ಎಸೆಯುವುದಿಲ್ಲ. ಅದಕ್ಕೇ ದನಿಯ ಸುತ್ತ ಕಸವಿಲ್ಲ. ಒಂದೇ ಮೈಕು ಇದ್ದದ್ದಕ್ಕೆ ಅವಳು ಕುಳಿತ ಜಾಗ ಅಲುಗಾಡುವುದಿಲ್ಲ. ಗುಂಯ್‌ಗುಡಿಸುವ ಡಬ್ಬಿ ಸುಟ್ಟದ್ದು ನಮ್ಮೆಲ್ಲರ ಪುಣ್ಯ. ಎಲ್ಲಕ್ಕಿಂತ ಹೆಚ್ಚಾಗಿ, ಎದುರಿಗೆ ಮಂದಿ ಕುಳಿತಿದ್ದಾರೆ ಅಂತ ಹಾಡಿದವಳಲ್ಲ ಅವಳು. ತನಗೆ ತಾನೇ ಏನೋ ಹೇಳಿಕೊಳ್ಳುವ ಹಾಗೆ ಹಾಡಿದ್ದಾಳೆ. ಎಷ್ಟು ಒಳ್ಳೆಯ ಸೆಟ್ ಇದ್ದರೆ ಅಷ್ಟು ಹತ್ತಿರ ಬರುತ್ತಾಳೆ. ಅಗ್ಗದ ಸೆಟ್ಟಿನಲ್ಲಿ ಈ ಯಾವುದೂ ಸಿಗುವುದಿಲ್ಲ, ಬರೀ ಹಾಡು ಸಿಗುತ್ತದೆ.

ಆಮೇಲೆ ಅವನು ಮೂರನೆಯ ಹಾಡಿನ ಕೊನೆಯ ಸಾಲನ್ನು ಮತ್ತೆ ಹಚ್ಚಿದ.

ಬಾವಿ ತುಂಬ ನೀರ ಐತಿ, ಬಾಯಾರಿ ನಿಂತೀದಿ,
ಹಗ್ಗ ಮರತು ಬಂದಾಕಿ ನೀನ, ಕೇಳ ಗುರುವೆ.

"ಕಾಕಾ, ಈ 'ಗುರುವೆ' ಅನ್ನೋ ಕಡೆ ಖೋಲಿ ಬದಲಾಗತೈತಿ ನೋಡ್ರಿ" ಅಂದ ವಿಶಾಲ. ಅಲ್ಲಿ ತಗಡಿನ ಛಾವಣಿಯ ಸದ್ದಿದೆಯಂತೆ, ಟ್ಯೂಬ್‌ಲೈಟಿನ ಗುಂಯ್ ಇದೆಯಂತೆ. ಒಂದು ಹಾಡಿನಲ್ಲಲ್ಲ, ಎಂಟರಲ್ಲೂ ಅದೇ ಶಬ್ದಕ್ಕೆ ಹಾಗೆ. ಅದು ಹೇಗೆ ಅಂತ ಕುತೂಹಲದಿಂದ ಕೇಳಿದ. ನಾನು ಉದ್ದಪ್ಪನ ಕಡೆ ತಿರುಗಿದೆ. ಅವನು ಆಗಲೇ ಎದ್ದು ನಿಂತಿದ್ದ. ಹಳೇ ಟೇಪು, ಏನೋ ಆಗಿರಬೇಕು ಅಂತ ತೊದಲಿದ. ವಿಶಾಲ ಅದನ್ನು ಅಲ್ಲಿಗೇ ಬಿಟ್ಟು ಸಂತೋಷದ ಸುದ್ದಿ ಹೇಳಿದ. ಗೆಳೆಯರೆಲ್ಲ ಸೇರಿ ಈ ಸ್ಪೂಲಿನಿಂದ ಇನ್ನೂರು ಗ್ರಾಮಫೋನ್ ರೆಕಾರ್ಡು ಮಾಡಿಸುತ್ತಾರೆ. ಹದಿನೈದು ದಿನದಲ್ಲಿ ಸ್ಪೂಲು ಕಳಿಸಬೇಕು. ಅದರ ಜೊತೆ ಒಂದು ಕಾಗದ ಬೇಕು, ಈ ಪದಗಳನ್ನು ಕಟ್ಟಿದವಳು ನಾನೇ ಅಂತ ಗುಡ್ಡವ್ವ ಬರೆದುಕೊಟ್ಟದ್ದು.

ವಾಪಸು ಬರುವಾಗ ಬಸ್ಸಿನಲ್ಲಿ ಉದ್ದಪ್ಪ ಕಿಟಕಿಯ ಕಡೆ ಮುಖ ಮಾಡಿ ಕುಳಿತ. ಅರಭಾವಿಯಲ್ಲಿ ಬಸ್ಸು ತುಂಬಿತು, ಗದ್ದಲವಾಯಿತು, ಅವನಿಗೆ ಅದೂ ಕೇಳಿಸಿದ ಹಾಗಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ಕುಳಿತು ಎಲ್ಲ ಹೇಳಿದ.

ನಮ್ಮ ಕಡೆ ಪದ ಕಟ್ಟಿದವರು ಕೊನೆಯ ಸಾಲಿನಲ್ಲಿ ಒಂದು ಹೆಸರು ಇಡುತ್ತಾರೆ, ಅಂಕಿತ ಅನ್ನುತ್ತೇವೆ. ಅದು ನೋಡಿಯೇ ಪದ ಯಾರದು ಅಂತ ಗೊತ್ತಾಗುವುದು. ಗೋದಾಮಿನಲ್ಲಿ ಗುಡ್ಡವ್ವ ಹಾಡಿದ ಎಂಟೂ ಪದಗಳಲ್ಲಿ ಇದ್ದ ಅಂಕಿತ 'ಕೇಳ ಗುರುವೆ' ಅಲ್ಲ, 'ಕೇಳ ಕೆಂಚಿ'. ಈ ಕೆಂಚಿ ಯಾರು ಅಂತ ಉದ್ದಪ್ಪನಿಗೆ ಸಂಶಯ ಬಂತು. ಮಮದಾಪುರದಿಂದ ಪೇಟೆಗೆ ಬಂದಿದ್ದ ಒಬ್ಬನನ್ನು ಕೇಳಿದ. ಕೆಂಚವ್ವ ಅಂದರೆ ಗುಡ್ಡವ್ವನ ಅತ್ತೆ, ಬಾಯಿ ಬಲು ಜೋರು, ಅವಳ ತಂಟೆಗೆ ಹೋದವರು ಉಳಿದಿಲ್ಲ ಅಂತ ಅವನು ಹೇಳಿದ. ಉದ್ದಪ್ಪನಿಗೆ ಎಲ್ಲ ತಿಳಿದುಹೋಯಿತು. 'ನಮ್ಮವ' ಅಂದರೆ ನಮ್ಮ ಮನೆಯವು. ಪದ ಕಟ್ಟಿದವಳು ಅತ್ತೆ, ಹಾಡುತ್ತಿರುವವಳು ಸೊಸೆ. ನಾಳೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಅಂಗಡಿಯ ಮುಂದೆ ನಿಂತು, ನನ್ನ ಪದ ಕದ್ದಿಯೇನೋ ಅಂತ ಬೈದರೆ? ಆ ಚಿತ್ರ ಕಣ್ಣೆದುರು ಬಂದದ್ದೇ ತಡ, ಉದ್ದಪ್ಪ ಬ್ಲೇಡು ತೆಗೆದ.

ಮಶೀನು ಪರೀಕ್ಷೆ ಮಾಡಬೇಕು ಅಂತ ಹೇಳಿ ಗುಡ್ಡವ್ವನನ್ನು ತನ್ನ ತಗಡಿನ ಛಾವಣಿಯ ಅಂಗಡಿಗೆ ಕರೆಸಿದ. ಎಂಟೂ ಹಾಡಿನ ದಾಟಿಯಲ್ಲಿ 'ಗುರುವೆ' ಅನ್ನುವ ಒಂದೇ ಶಬ್ದ ಹಾಡಿಸಿಕೊಂಡ. ಅವಳು ಯಾಕೆಂದು ಕೇಳಲಿಲ್ಲ, ಕೂಲಿ ಬಿಟ್ಟು ಬಂದು ಹಾಡಿ ಹೋದಳು. ಒಂದೊಂದು ಹಾಡಿನಿಂದ ಅರ್ಧ ಗೇಣು ಟೇಪು ಕತ್ತರಿಸಿ, ಆ ಜಾಗದಲ್ಲಿ ಗುರುವನ್ನು ಕೂರಿಸಿದ. ಕತ್ತರಿಸಿದ ಎಂಟು ತುಂಡುಗಳನ್ನು ಕಸದ ಜೊತೆ ಗುಡಿಸಿ ಒಗೆದ.

"ಸೋಮಪ್ಪಾ, ಈಗ ನಾ ಏನ್ ಮಾಡ್ಲಿ?" ಅಂತ ಕೇಳಿದ. ಆ ಅತ್ತೆ ಸತ್ತು ಎಷ್ಟೋ ವರ್ಷವಾಗಿದೆ. ಸುಮ್ಮನಿದ್ದರೆ ಸತ್ತವಳ ಹೆಸರು ತಿಂದ ಪಾಪ, ಅದೂ ಈಗ ಕಾಗದದಲ್ಲಿ ಸಹಿಯಾಗಿ ಗಟ್ಟಿಯಾಗುತ್ತದೆ. ಬಾಯಿ ಬಿಟ್ಟರೆ ಗುಡ್ಡವ್ವ ಎಪ್ಪತ್ತನೆಯ ವಯಸ್ಸಿನಲ್ಲಿ, ದೊಡ್ಡ ದೊಡ್ಡವರು ಹುಡುಕಿಕೊಂಡು ಬಂದ ಹೊತ್ತಿನಲ್ಲಿ, ಪದಗಳ್ಳಿ ಆಗುತ್ತಾಳೆ. ಮಾಡಿದವರ ಪಾಪ ಆಡಿದವರ ಬಾಯಲ್ಲಿ, ಸುಮ್ಮನಿರು ಅಂತ ನಾನು ಬುದ್ಧಿ ಹೇಳಿದೆ. ಈಗ ನೆನೆಸಿಕೊಂಡರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಆ ಪದಗಳು ಗುಡ್ಡವ್ವನವೇ ಯಾಕಿರಬಾರದು ಅಂತ ನನಗೂ ಹೊಳೆಯಲಿಲ್ಲ. ಓದು ಬರಹವಿಲ್ಲದ ಕೂಲಿ ಹೆಂಗಸು ಇಂಥ ಮಾತು ಹೇಗೆ ಕಟ್ಟುತ್ತಾಳೆ ಅಂತ ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ಅತ್ತೆಯೂ ಓದಿದವಳಲ್ಲ ಅನ್ನುವುದು ನಮ್ಮ ತಲೆಗೆ ಬರಲೇ ಇಲ್ಲ.

ಮುಂದಿನ ವಾರ ಉದ್ದಪ್ಪನ ಸ್ಥಿತಿ ನೋಡಲಾಗಲಿಲ್ಲ. ಊಟದ ಡಬ್ಬಿ ತೆರೆಯುವುದು, ಮುಚ್ಚುವುದು. ರಿಪೇರಿಗೆ ಬಂದ ರೇಡಿಯೋ ಬಿಚ್ಚಿ ಹಾಗೇ ಬಿಡುವುದು. ಸ್ಪೂಲು ಹಚ್ಚಿ, ಗುರುವನ್ನು ಕೂರಿಸಿದ ಎಂಟು ಜಾಗಗಳನ್ನೂ ಬೆರಳಿನಿಂದ ಮುಟ್ಟಿ ನೋಡುವುದು. ಅಂಟುಪಟ್ಟಿ ಹಳದಿಯಾಗಿತ್ತು, ಇನ್ನೊಂದು ಸಲ ಓಡಿಸಿದರೆ ಬಿಟ್ಟುಹೋದೀತು ಅಂತ ಅದೂ ಒಂದು ಹೆದರಿಕೆ. ವಿಶಾಲನ ಫೋನ್ ಬಂದರೆ ನನ್ನ ಕೈಗೆ ಕೊಡುತ್ತಿದ್ದ.

ಒಂಬತ್ತನೆಯ ದಿನ ಬಂದ ಫೋನು ಯಶೋಧರಾಳದು, ಗುಡ್ಡವ್ವನ ಮೊಮ್ಮಗಳು. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಹುಡುಗಿ. ವಿಶಾಲ ಡಾಕ್ಟರು ಕಾಗದ ಕೊಟ್ಟು ಹೋಗಿದ್ದಾರೆ, ಆದರೆ ಅಜ್ಜಿ ಹೆಬ್ಬೆಟ್ಟು ಒತ್ತುವ ಮೊದಲು ಉದ್ದಪ್ಪನವರನ್ನು ಒಂದು ಮಾತು ಕೇಳಬೇಕಂತೆ ಅಂದಳು. "ಹಾಡು ಪೂರಾ ಬರ್ತಾವೇನು ಅಂತ ಕೇಳ್ಯಾಳ್ರಿ ಅಜ್ಜಿ. ಅಷ್ಟ ಕೇಳು ಅಂದ್ಲು." ಉದ್ದಪ್ಪ ಫೋನನ್ನು ಕಿವಿಯಿಂದ ದೂರ ಹಿಡಿದು ನನ್ನ ಕಡೆ ನೋಡಿದ. ಹುಡುಗಿ ಹಲೋ ಹಲೋ ಅನ್ನುತ್ತಲೇ ಇದ್ದಳು. ಕೊನೆಗೆ ನಾನು ಫೋನ್ ಇಸಿದುಕೊಂಡು, ನಾವೇ ಬಂದು ಹೇಳುತ್ತೇವೆ ಅಂತ ಮುಗಿಸಿದೆ. ಮುಗಿಸುವ ಮುಂಚೆ ಅಜ್ಜಿಯ ತವರು ಯಾವುದು, ಅಲ್ಲಿ ಯಾರಿದ್ದಾರೆ ಅಂತ ಉದ್ದಪ್ಪ ಸನ್ನೆ ಮಾಡಿ ಕೇಳಿಸಿದ. ಹುಕ್ಕೇರಿ ಹತ್ತಿರದ ಹಳ್ಳಿ, ತಮ್ಮ ಕೇದಾರಿ ಇದ್ದಾನೆ ಅಂದಳು.

ಉದ್ದಪ್ಪನ ಲೆಕ್ಕ ಸರಳವಾಗಿತ್ತು. ಮದುವೆಗೆ ಮುಂಚೆಯೇ ಗುಡ್ಡವ್ವ ಈ ಪದ ಹಾಡುತ್ತಿದ್ದಳು ಅಂತ ತಮ್ಮ ಹೇಳಿದರೆ, ಅವು ಅತ್ತೆಯವಲ್ಲ. ಇಲ್ಲ ಅಂದರೆ ಅತ್ತೆಯವೇ. ಆಗ ವಿಶಾಲನ ಮುಂದೆ ಹೋಗಿ, ರೆಕಾರ್ಡು ಬೇಡ, ತಪ್ಪು ನನ್ನದು ಅಂತ ಹೇಳುವುದು. ಮರುದಿನ ಮೊದಲ ಬಸ್ಸಿಗೆ ಹೊರಟೆವು. ದಾರಿಯುದ್ದಕ್ಕೂ ಅವನ ಕೈ ಮುಂದಿನ ಸೀಟಿನ ಸರಳು ಬಿಡಲಿಲ್ಲ.

ಕೇದಾರಿ ಸಾಲಿಯಲ್ಲಿ ಜವಾನನಾಗಿದ್ದು ರಿಟೈರ್ ಆದ ಮುದುಕ. ಪಡಸಾಲೆಯಲ್ಲಿ ಬುದ್ಧನ ಫೋಟೋದ ಕೆಳಗೆ ನಮ್ಮನ್ನು ಕೂರಿಸಿ ನೀರು ಕೊಟ್ಟ. ಮಮದಾಪುರದ ನಿಮ್ಮ ಅಕ್ಕ ಗುಡ್ಡವ್ವನ ವಿಷಯ ಅಂತ ನಾನು ಶುರು ಮಾಡಿದೆ. ಅವಳು ಹುಡುಗಿಯಾಗಿದ್ದಾಗ ಪದ ಹಾಡುತ್ತಿದ್ದಳೇ ಅಂತ ಕೇಳಿದೆ. ಮುದುಕ ನಕ್ಕ. ಹಾಡುವುದೇನು, ಕಟ್ಟುತ್ತಿದ್ದಳು, ದನ ಕಾಯುತ್ತ ಕಟ್ಟಿ ಸಂಜೆ ನಮಗೆ ಹೇಳುತ್ತಿದ್ದಳು ಅಂದ. ಆಮೇಲೆ ತಡೆದು, "ಆದ್ರ ಇಲ್ಲಿ ಗುಡ್ಡವ್ವ ಅಂದ್ರ ಯಾರಿಗೂ ತಿಳಿಯಂಗಿಲ್ರಿ. ಅದು ಗಂಡನ ಮನ್ಯಾವ್ರು ಇಟ್ಟ ಹೆಸರು. ನಮಗ ಆಕಿ ಕೆಂಚಿ" ಅಂದ.

ಲಗ್ನದ ದಿನ ನೋಡಿದರೆ ಅತ್ತೆಯ ಹೆಸರೂ ಕೆಂಚವ್ವ, ಸೊಸೆಯ ಹೆಸರೂ ಕೆಂಚವ್ವ. ಒಂದೇ ಮನೆಯಲ್ಲಿ ಎರಡು ಕೆಂಚವ್ವ ಹೇಗೆ? ಅಕ್ಷತೆ ಹಾಕುವ ಮೊದಲೇ ಹುಡುಗಿಯ ಹೆಸರು ಬದಲಿಸಿ ಗುಡ್ಡವ್ವ ಅಂತ ಇಟ್ಟರು. ನಮ್ಮ ಗಡಿ ಸೀಮೆಯಲ್ಲಿ ಇದು ದೊಡ್ಡ ಮಾತಲ್ಲ. ನನ್ನ ಹೆಂಡತಿಯ ಹೆಸರನ್ನೇ ನಮ್ಮ ಮನೆಯಲ್ಲಿ ಬದಲಿಸಿದ್ದಾರೆ. ಆದರೂ ನಮ್ಮಿಬ್ಬರಿಗೆ ಹೊಳೆಯಲಿಲ್ಲ.

ಉದ್ದಪ್ಪ ನೀರಿನ ಚೆಂಬು ಹಿಡಿದೇ ಕುಳಿತಿದ್ದ, ಕುಡಿಯಲಿಲ್ಲ. ಅವನು ಅಳುವುದನ್ನು ನಲವತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ. ಕೇದಾರಿ ಗಾಬರಿಯಾಗಿ ನನ್ನ ಮುಖ ನೋಡಿದ. ನಾಳೆ ಹೋಗೋಣ ಅಂತ ನಾನೆಂದರೂ ಕೇಳದೆ, ಉದ್ದಪ್ಪ ಎದ್ದು ಬಸ್ಸಿನ ದಾರಿ ಹಿಡಿದ. ಅಂಗಡಿಯ ಕೀಲಿ ನೆನಪಾಗಲಿಲ್ಲ, ಟೈಮು ಕೇಳಲಿಲ್ಲ. ಗೋಕಾಕದಲ್ಲಿ ಬಸ್ಸು ಬದಲಿಸಿ ಮಮದಾಪುರ ಮುಟ್ಟಿದಾಗ ಇಳಿಹೊತ್ತು.

ಗುಡ್ಡವ್ವ ಮನೆಯ ಮುಂದಿನ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಕಣ್ಣು ಮಂಜಾಗಿವೆ, ಕೈಬೆರಳಿನಿಂದಲೇ ಕಲ್ಲು ಹುಡುಕುತ್ತಿದ್ದಳು. ಉದ್ದಪ್ಪ ಹತ್ತು ಹೆಜ್ಜೆ ದೂರದಲ್ಲೇ ನಿಂತ. ಏನು ಹೇಳುವುದು ಅಂತ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಮರೆತಿದ್ದ.

"ಕೆಂಚವ್ವಾ" ಅಂದ.

ಜೋಳದ ಮೇಲಿನ ಕೈ ನಿಂತಿತು. ಅವಳು ಮುಖ ಎತ್ತಿ, ದನಿ ಬಂದ ಕಡೆ ತಿರುಗಿ, ಸೆರಗು ಸರಿ ಮಾಡಿಕೊಂಡಳು.

"ಯಾರು? ತವರಿಂದ ಯಾರ ಬಂದೀರಿ?"

ಉದ್ದಪ್ಪ ಅವಳ ಕಾಲ ಹತ್ತಿರ ನೆಲದ ಮೇಲೇ ಕುಳಿತ. ಹೆಸರು ಹೇಳಿದ, ಟೇಪಿನ ಉದ್ದಪ್ಪ ಅಂತ. ಬ್ಲೇಡು, ಅಂಟುಪಟ್ಟಿ, ಮಶೀನು ಪರೀಕ್ಷೆಯ ಸುಳ್ಳು, ಅತ್ತೆಯ ಮೇಲಿನ ಅನುಮಾನ, ಒಂದೂ ಬಿಡದೆ ಹೇಳಿದ. ನಡುವೆ ಯಶೋಧರಾ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಅತ್ತೆಯ ಪದ ಅಂದದ್ದಕ್ಕೆ ಮಾತ್ರ ಮುದುಕಿಗೆ ನಗು ಬಂತು. ನಮ್ಮ ಅತ್ತೆ ಮಾತಾಡಿದರೇ ಕೋಳಿ ಅಟ್ಟ ಹತ್ತುತ್ತಿದ್ದವು, ಇನ್ನು ಹಾಡುವುದೆಲ್ಲಿ ಬಂತು ಅಂದಳು. ಆ ನಗು ಬೇಗ ಇಳಿಯಿತು.

"ಅತ್ತಿ ಹೆಸರ ಸೊಸಿ ಬಾಯಾಗ ಬರೂ ಹಂಗಿಲ್ಲ, ಗೊತ್ತಲ್ಲ. ನನ್ನ ಹೆಸರೂ ಅದ ಇತ್ತು. ಅಂದ ಮ್ಯಾಗ ನನ್ನ ಹೆಸರು ನಾನ ಹೇಳೂ ಹಂಗಿರಲಿಲ್ಲ. ಹೊಲದಾಗ, ಪದದ ಕೊನೀಗೆ, ಅಷ್ಟ ಹೇಳತಿದ್ದೆ" ಅಂದಳು. ಜೋಳದಿಂದ ಒಂದು ಕಲ್ಲು ಆರಿಸಿ ಎಸೆದು ಮುಂದುವರಿಸಿದಳು. ಕ್ಯಾಸೆಟ್ಟು ಮೊದಲು ಕೇಳಿದ್ದು ಯಾರದೋ ಲಗ್ನದ ಹಂದರದಲ್ಲಂತೆ. ರೊಟ್ಟಿ ಬಡಿಯುವುದು ಬಿಟ್ಟು ಎದ್ದು ಬಂದು ಗಂಟೆಯಾಕಾರದ ಸ್ಪೀಕರಿನ ಕೆಳಗೆ ನಿಂತಿದ್ದಳಂತೆ. "ಎಂಟೂ ಹಾಡಿಗೂ ಕಾದೆ ಉದ್ದಪ್ಪಾ. ಈ ಹಾಡಿನಾಗ ಬಂದೀತು, ಮುಂದಿಂದರಾಗ ಬಂದೀತು ಅಂತ. ಒಂದ ಮಾತ ನನ್ನ ಕೇಳಬಾರದಿತ್ತೇನು?"

ಅವಳು ಅವನನ್ನು ಅಣ್ಣಾರ ಅನ್ನದೆ ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಉದ್ದಪ್ಪ ಕೈ ಮುಗಿದ. ಹೆದರಿದ್ದೆ ಅಂತ ಮಾತ್ರ ಹೇಳಿದ. ಈಗಲೂ ಸರಿಪಡಿಸಬಹುದು, ನೀವು ಆ ಒಂದು ಶಬ್ದ ಹಾಡಿದರೆ ಸಾಕು, ಎಂಟೂ ಕಡೆ ನಾನೇ ಕೂರಿಸುತ್ತೇನೆ ಅಂತ ಗೋಗರೆದ. ಅವಳು ತಲೆಯಾಡಿಸಿದಳು. ಆ ದನಿ ಬೇರೆ, ಈ ದನಿ ಬೇರೆ. ಅದಕ್ಕೆ ಇದನ್ನು ಹಚ್ಚಿದರೆ ಇನ್ನೊಂದು ತೇಪೆ ಆಗುತ್ತದೆ. ಒಮ್ಮೆ ಹಚ್ಚಿದ್ದು ಸಾಕು.

"ಆ ಗುರುವನ್ನ ತಗದ ಬಿಡು. ನನ್ನ ಜಾಗಾ ಖಾಲಿ ಇರಲಿ" ಅಂದಳು.

ಕಾಗದವನ್ನು ಯಶೋಧರಾಳ ಕೈಯಿಂದ ಬರೆಸಿದಳು: ಪದ ಕಟ್ಟಿದವಳು ಗುಡ್ಡವ್ವ ಉರ್ಫ್ ಕೆಂಚವ್ವ. ಬರೆದಾದ ಮೇಲೆ ಯೋಚಿಸಿ, ಉರ್ಫ್ ಆಚೆ ಈಚೆ ಹೆಸರು ಅದಲು ಬದಲು ಮಾಡು ಅಂದಳು. ಹುಡುಗಿ ಹೊಸ ಹಾಳೆ ತಂದು ಮತ್ತೆ ಬರೆದಳು. ಆಮೇಲೆ ಅಜ್ಜಿ ಹೆಬ್ಬೆಟ್ಟು ಒತ್ತಿದಳು.

ಉದ್ದಪ್ಪ ಆ ಎಂಟೂ ಜಾಗದ ಅಂಟುಪಟ್ಟಿ ಬಿಚ್ಚಿ ಗುರುವನ್ನು ತೆಗೆದ. ಬರೀ ಖಾಲಿ ಟೇಪು ಹಚ್ಚಿದರೆ ಹಾಡು ಸತ್ತ ಹಾಗಾಗುತ್ತದೆ ಅಂತ ವಿಶಾಲ ಹೇಳಿದ. ಸ್ಪೂಲಿನಲ್ಲಿ ಹಾಡು ಹಾಡಿನ ನಡುವೆ, ಇವನ ಸನ್ನೆಗೆ ಕಾಯುತ್ತ ಅವಳು ಸುಮ್ಮನೆ ಕುಳಿತಿದ್ದ ಹೊತ್ತು ಉಳಿದಿತ್ತು. ಅದರಿಂದ ಅರ್ಧ ಅರ್ಧ ಗೇಣು ಕತ್ತರಿಸಿ ಎಂಟೂ ಕಡೆ ಹಚ್ಚಿದ. ಈಗ ಹಾಡು 'ಕೇಳ' ಅನ್ನುವಲ್ಲಿಗೆ ನಿಲ್ಲುತ್ತದೆ. ಆಮೇಲೆ ಬೆಲ್ಲದ ಗೋದಾಮಿದೆ, ಮಾತಾಡದೆ ಕುಳಿತ ಒಬ್ಬಳಿದ್ದಾಳೆ. ಒಳ್ಳೆಯ ಸೆಟ್ಟಿನಲ್ಲಿ ಉಸಿರು ಕೇಳುತ್ತದೆ.

ಇನ್ನೂರು ರೆಕಾರ್ಡು ಬಂದು ಹಂಚಿಹೋಗಿವೆ. ಅದರ ಕವರಿನ ಮೇಲೆ ಉದ್ದಪ್ಪ ಹಠ ಹಿಡಿದು ತನ್ನ ಫೋನ್ ನಂಬರು ಹಾಕಿಸಿದ್ದಾನೆ. ಪುಣೆಯಿಂದ, ಕೊಲ್ಲಾಪುರದಿಂದ, ಎಲ್ಲೆಲ್ಲಿಂದಲೋ ಫೋನು ಬರುತ್ತವೆ. ದಪ್ಪ ದನಿಯ ದೊಡ್ಡ ಮನುಷ್ಯರು, ಪ್ರತಿ ಹಾಡಿನ ಕೊನೆಗೆ ಒಂದು ಶಬ್ದ ಕಡಿಮೆ ಬೀಳುತ್ತದೆ, ರೆಕಾರ್ಡು ಖರಾಬಿದೆಯೇ ಅಂತ ಕೇಳುತ್ತಾರೆ. ಫೋನು ಬಂದಾಗ ಅವನು ಈಗಲೂ ಮೊದಲು ಬಾಗಿಲ ಕಡೆ ನೋಡುತ್ತಾನೆ. ಆದರೆ ನನ್ನ ಕೈಗೆ ಕೊಡುವುದಿಲ್ಲ.

"ರೆಕಾರ್ಡ್ ಬರೋಬ್ಬರಿ ಐತ್ರಿ" ಅನ್ನುತ್ತಾನೆ. "ಅಲ್ಲಿ ಹಾಡಿದಾಕಿ ಹೆಸರಿತ್ತು. ನಾ ಕತ್ತರಿಸಿ ಒಗದೇನಿ." ಆಮೇಲೆ ಆ ಹೆಸರನ್ನು ಒಂದು ಸಲ ಬಿಡಿಸಿ ಹೇಳುತ್ತಾನೆ.